ಸಂತೋಷ ಬರಲಿಲ್ಲ ಎಂದು ಹೆದರಬೇಡ, ತಮ್ಮಾ

ಪ್ರಿಯ ತಮ್ಮ,

ವಂದನೆ. ನಿನ್ನ ಪತ್ರವನ್ನು ಮೂರು ಸಲ ಓದಿದೆ. ಅಕ್ಕಾ ಎಂದು ಕರೆದಿದ್ದೀಯ, ಹಾಗಾಗಿ ‘ನೀವು’ ಬಿಟ್ಟು ‘ನೀನು’ ಅನ್ನುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ಪರದೇಶಕ್ಕೆ ಬಂದು ಎಂಟು ತಿಂಗಳಾಯಿತು, ಹೇಳಿದ ಕೆಲಸ ಒಂದು, ಕೊಟ್ಟ ಕೆಲಸ ಇನ್ನೊಂದು, ಗೋದಾಮಿನಲ್ಲಿ ರಾತ್ರಿ ಪಾಳಿ, ಹೆಚ್ಚಿಗೆ ದುಡಿದ ಗಂಟೆಗಳಿಗೆ ಸಂಬಳವಿಲ್ಲ, ರೂಮಿಗೆ ಬಂದರೆ ಮಾತಾಡಿಸುವವರಿಲ್ಲ, ಪ್ರಾರ್ಥನೆಗೆ ಮೊಣಕಾಲೂರಿದರೆ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ ಎಂದು ಬರೆದಿದ್ದೀಯ. ಇದನ್ನೆಲ್ಲ ಹೇಗೋ ನುಂಗಿಕೊಂಡಿದ್ದೀಯ. ನಿನಗೆ ನುಂಗಲಾಗದ್ದು ಸಭೆಯ, ಅಂದರೆ ಚರ್ಚಿನ, ಹಿರಿಯರೊಬ್ಬರು ಹೇಳಿದ ಮಾತು: ‘ಯಾವಾಗಲೂ ಸಂತೋಷಿಸಿರಿ ಎಂದು ಸತ್ಯವೇದ (ಬೈಬಲ್) ಹೇಳುತ್ತದೆ, ನಿನ್ನ ಮುಖ ನೋಡಿದರೆ ವಿಶ್ವಾಸವೇ ಕಾಣುವುದಿಲ್ಲ.’ ‘ಅಕ್ಕಾ, ಹದಿನಾರು ವರ್ಷ ನೀವು ಹೇಗೆ ತಡೆದಿರಿ? ನನ್ನ ವಿಶ್ವಾಸದಲ್ಲೇ ಏನಾದರೂ ಕೊರತೆಯಿದೆಯಾ?’ ಎಂದು ಕೇಳಿದ್ದೀಯ.

ನಾನು ಪಾಸ್ಟರ್ ಅಲ್ಲ, ದೇವಶಾಸ್ತ್ರ ಓದಿದವಳೂ ಅಲ್ಲ. ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸದಿಂದ ಶುರು ಮಾಡಿ, ಈಗ ಅಲ್ಲಿಯೇ ಕ್ಲೀನಿಂಗ್ ತಂಡದ ಮೇಲ್ವಿಚಾರಕಿಯಾಗಿದ್ದೇನೆ. ನನಗೆ ತಿಳಿದಷ್ಟು ಹೇಳುತ್ತೇನೆ. ನಿನ್ನ ವಿಶ್ವಾಸದಲ್ಲಿ ಕೊರತೆಯಿಲ್ಲ. ಆ ಹಿರಿಯರು ಹೇಳಿದ ವಚನ ನಿಜವೇ. ಆದರೆ ವಚನ ಇರುವ ಪತ್ರಿಕೆಯನ್ನು, ಅಂದರೆ ಸತ್ಯವೇದದೊಳಗಿನ ಆ ಕಾಗದವನ್ನು, ಅವರು ಪೂರ್ತಿ ಓದಿದಂತೆ ಕಾಣುವುದಿಲ್ಲ.

ಮೊದಲು ನನ್ನ ಕಥೆ ಸ್ವಲ್ಪ. ಬಂದ ಹೊಸದರಲ್ಲಿ ಮನೆಯಿಂದ ಫೋನ್ ಬಂದಾಗಲೆಲ್ಲ ‘ಚೆನ್ನಾಗಿದ್ದೀನಿ’ ಅನ್ನುತ್ತಿದ್ದೆ. ಸಭೆಯಲ್ಲಿ ಯಾರಾದರೂ ಕೇಳಿದರೆ ‘ದೇವರ ಕೃಪೆ, ಚೆನ್ನಾಗಿದ್ದೀನಿ’ ಅನ್ನುತ್ತಿದ್ದೆ. ದೇವರ ಹೆಸರು ಸೇರಿಸಿದ್ದೇ ವ್ಯತ್ಯಾಸ, ಸುಳ್ಳು ಮಾತ್ರ ಒಂದೇ. ಮೂರನೇ ವರ್ಷ ನಮ್ಮ ಅಪ್ಪ ತೀರಿಕೊಂಡರು. ವೀಸಾ ನವೀಕರಣಕ್ಕೆ ಪಾಸ್‌ಪೋರ್ಟ್ ಕೊಟ್ಟಿದ್ದೆ, ಅದು ಕೈಗೆ ಬಂದಿರಲಿಲ್ಲ. ಹೋಗುವ ದಾರಿಯೇ ಇರಲಿಲ್ಲ. ಅಣ್ಣ ಫೋನ್ ಹಚ್ಚಿ ಶರ್ಟಿನ ಜೇಬಿನಲ್ಲಿಟ್ಟುಕೊಂಡ, ನನಗೂ ಕೇಳಿಸಲಿ ಅಂತ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಕೆಟ್, ಪೊರಕೆ ಇಡುವ ಪುಟ್ಟ ಕೋಣೆಯೊಳಗೆ ನಿಂತು ನಾನು ಅಪ್ಪನ ಮಣ್ಣಿಗೆ ಹಾಜರಾದೆ. ಕೇಳಿಸಿದ್ದು ಹೆಚ್ಚಾಗಿ ಜೇಬಿನ ಬಟ್ಟೆ ಉಜ್ಜುವ ಸದ್ದು, ಅಣ್ಣನ ಉಸಿರು. ಪಾಸ್ಟರ್ ಓದಿದ್ದು ಒಂದು ಮಾತೂ ತಿಳಿಯಲಿಲ್ಲ. ಹಾಡು ಶುರುವಾದಾಗ ಎರಡನೇ ಸಾಲಿಗೆ ಲೈನ್ ಕಟ್ಟಾಯಿತು. ಮತ್ತೆ ಹಚ್ಚಲು ಅಣ್ಣನ ಕೈ ಬಿಡುವಿರಲಿಲ್ಲ, ಅವನು ಮಣ್ಣು ಹಾಕುತ್ತಿದ್ದ. ನಾನು ಮುಖ ತೊಳೆದುಕೊಂಡು ಮೇಲೆ ಹೋಗಿ ಮೂರನೇ ಮಹಡಿಯ ಕಾರಿಡಾರ್ ಒರೆಸಿದೆ.

ಆ ದಿನ ನನಗೆ ಯಾವ ಸಂತೋಷವೂ ಇರಲಿಲ್ಲ ತಮ್ಮಾ. ಅದಾದ ಎಷ್ಟೋ ವಾರ ಪ್ರಾರ್ಥನೆ ಮಾಡಲಿಲ್ಲ. ಮಾಡಲು ಆಗಲಿಲ್ಲ ಅನ್ನುವುದಕ್ಕಿಂತ, ಸಿಟ್ಟಿನಿಂದ ಮಾಡಲಿಲ್ಲ.

ಎರಡನೇ ವಾರವೋ ಏನೋ, ಸಭೆಯಿಂದ ಒಬ್ಬ ಅಜ್ಜಿ ಬಂದರು. ಅವರ ಭಾಷೆ ನನಗೆ ಆಗ ಅರ್ಧಂಬರ್ಧ, ನನ್ನ ಭಾಷೆ ಅವರಿಗೆ ಒಂದಕ್ಷರವೂ ಇಲ್ಲ. ಬಂದವರು ಕೋಟು ಬಿಚ್ಚಿ ಬಾಗಿಲ ಹಿಂದೆ ತೂಗುಹಾಕಿದರು. ಮಂಚದ ಮೇಲೆ ಒಗೆದ ಬಟ್ಟೆ ರಾಶಿ ಬಿದ್ದಿತ್ತು. ಕೂತು ಒಂದೊಂದೇ ಮಡಚಿದರು. ವಚನ ಹೇಳಲಿಲ್ಲ, ದೇವರ ಚಿತ್ತ ಅನ್ನಲಿಲ್ಲ. ಕಾಲುಚೀಲಗಳನ್ನು ಜೋಡಿ ಹುಡುಕಿ ಹುಡುಕಿ ಸುತ್ತಿಟ್ಟರು, ಜೋಡಿ ಸಿಗದ ಒಂದನ್ನು ನನ್ನ ಮುಂದೆ ಹಿಡಿದು ‘ಇದರದ್ದು ಎಲ್ಲಿ?’ ಎಂಬಂತೆ ಹುಬ್ಬೇರಿಸಿದರು. ನನಗೆ ನಗು ಬಂತು, ನಗುತ್ತಲೇ ಅಳು ಬಂತು. ಅಪ್ಪ ಹೋದ ಮೇಲೆ ಇನ್ನೊಬ್ಬರ ಮುಂದೆ ಅತ್ತದ್ದು ಅದೇ ಮೊದಲು. ಸತ್ಯವೇದದ ಯೋಬನ ಗ್ರಂಥದಲ್ಲಿ, ಎಲ್ಲವನ್ನೂ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಏಳು ದಿನ ಏಳು ರಾತ್ರಿ ಏನೂ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತರು ಎಂದಿದೆಯಲ್ಲ, ಆ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಕೆಟ್ಟಿತು.

ಈಗ ನಿನ್ನ ಹಿರಿಯರು ಹೇಳಿದ ವಚನಕ್ಕೆ ಬರುತ್ತೇನೆ. ‘ಕರ್ತನಲ್ಲಿ ಯಾವಾಗಲೂ ಸಂತೋಷಿಸಿರಿ’ ಎಂಬುದು ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲನು ಫಿಲಿಪ್ಪಿ ಎಂಬ ಊರಿನ ಸಭೆಯವರಿಗೆ ಬರೆದ ಪತ್ರಿಕೆಯ ನಾಲ್ಕನೇ ಅಧ್ಯಾಯದ್ದು. ಇಡೀ ಪತ್ರಿಕೆ ನಾಲ್ಕೇ ಅಧ್ಯಾಯ, ಬಸ್ಸಿನಲ್ಲಿ ಕೂತು ಓದಿ ಮುಗಿಸಬಹುದು. ಮೂಲ ಗ್ರೀಕಿನಲ್ಲಿ ಸಂತೋಷ, ಸಂತೋಷಿಸು, ಕೂಡಿ ಸಂತೋಷಿಸು ಎಂಬ ಒಂದೇ ಬೇರಿನ ಮಾತುಗಳು ಅದರಲ್ಲಿ ಒಟ್ಟು 16 ಸಲ ಬರುತ್ತವೆ. ಬರೆದವನು ಬೇಡಿಯಲ್ಲಿದ್ದ. ತನಗೆ ಮರಣದಂಡನೆಯಾಗುತ್ತದೋ ಬಿಡುಗಡೆಯಾಗುತ್ತದೋ ಅವನಿಗೇ ಗೊತ್ತಿರಲಿಲ್ಲ. ಇಷ್ಟನ್ನು ಎಲ್ಲ ಉಪದೇಶಗಳಲ್ಲೂ ಹೇಳುತ್ತಾರೆ.

ಯಾರೂ ಹೆಚ್ಚು ಹೇಳದ ಒಬ್ಬ ಮನುಷ್ಯ ಎರಡನೇ ಅಧ್ಯಾಯದಲ್ಲಿದ್ದಾನೆ. ಎಪಫ್ರೊದೀತ. ಫಿಲಿಪ್ಪಿಯ ಸಭೆ ಪೌಲನಿಗೆ ಹಣ, ಸಾಮಾನು ಕೊಟ್ಟು ಕಳಿಸಿದ್ದು ಇವನ ಕೈಯಲ್ಲಿ. ಮನೆಯಿಂದ ದೂರ ಬಂದವನು ಕಾಯಿಲೆ ಬಿದ್ದು ಸಾಯುವ ಹಂತಕ್ಕೆ ಹೋದ. ಚೇತರಿಸಿಕೊಂಡ ಮೇಲೂ ಅವನಿಗೆ ಒಂದೇ ಹಂಬಲ, ಊರಿನವರನ್ನು ನೋಡಬೇಕು. ಅವನ ದೊಡ್ಡ ಸಂಕಟ ಯಾವುದು ಗೊತ್ತಾ? ತನಗೆ ಕಾಯಿಲೆಯಾದ ಸುದ್ದಿ ಮನೆಯವರ ಕಿವಿಗೆ ಬಿದ್ದುಬಿಟ್ಟಿತಲ್ಲ ಎಂಬುದು. ‘ಅಮ್ಮನಿಗೆ ಹೇಳಬೇಡಿ’ ಎಂದು ನೀನು ಪತ್ರದ ಕೊನೆಯಲ್ಲಿ ಬರೆದಿದ್ದೀಯಲ್ಲ, ಅದನ್ನೇ ಎರಡು ಸಾವಿರ ವರ್ಷದ ಹಿಂದೆ ಅವನೂ ಅನ್ನುತ್ತಿದ್ದ. ಪೌಲ ಅವನಿಗೆ ವಿಶ್ವಾಸ ಕಡಿಮೆ ಎಂದು ಬೈಯಲಿಲ್ಲ. ಊರಿಗೆ ವಾಪಸ್ ಕಳಿಸಿಕೊಟ್ಟು, ಇಂಥವನನ್ನು ಮಾನದಿಂದ ಸೇರಿಸಿಕೊಳ್ಳಿ ಎಂದು ಬರೆದ. ಇವನು ಸತ್ತಿದ್ದರೆ ನನಗೆ ದುಃಖದ ಮೇಲೆ ದುಃಖವಾಗುತ್ತಿತ್ತು ಎಂದೂ ಬರೆದ. ಅಂದರೆ ಯಾವಾಗಲೂ ಸಂತೋಷಿಸಿ ಎಂದ ಆಸಾಮಿಗೇ ಆಗಲೇ ಒಂದು ದುಃಖ ಇತ್ತು, ಅದನ್ನು ಮುಚ್ಚಿಡದೆ ಅದೇ ಪತ್ರಿಕೆಯಲ್ಲಿ ಬರೆದಿದ್ದಾನೆ. ಇನ್ನೊಂದು ಪತ್ರಿಕೆಯಲ್ಲಿ, ಕೊರಿಂಥದವರಿಗೆ ಬರೆದ ಎರಡನೆಯದರಲ್ಲಿ, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ಶುರುವಿನಲ್ಲೇ ಹೇಳುತ್ತಾನೆ.

ನಾಲ್ಕನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಯಾವ ಸ್ಥಿತಿಯಲ್ಲಿದ್ದರೂ ತೃಪ್ತನಾಗಿರುವುದನ್ನು ‘ಕಲಿತುಕೊಂಡಿದ್ದೇನೆ’ ಅನ್ನುತ್ತಾನೆ. ಕಲಿತದ್ದು ಅಂದರೆ ಮೊದಲು ಗೊತ್ತಿರಲಿಲ್ಲ ಎಂದೇ ಅರ್ಥ. ನೀನು ಎಂಟು ತಿಂಗಳಲ್ಲಿ ಅದನ್ನು ಕಲಿತಿಲ್ಲ ಎಂದು ಯಾರಾದರೂ ಅಂಕ ಕಳೆದರೆ ಆ ಮೇಷ್ಟ್ರು ಸರಿಯಿಲ್ಲ. ಅದಾದ ಸ್ವಲ್ಪದರಲ್ಲೇ 13ನೇ ವಚನ, ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬುದು. ಗೋಡೆಗೆ, ಕಪ್ಪಿಗೆ, ಟೀ ಶರ್ಟಿಗೆ ಎಲ್ಲದಕ್ಕೂ ಅಂಟಿಸಿರುತ್ತಾರೆ. 14ನೆಯದನ್ನು ಅಂಟಿಸಿದವರನ್ನು ನಾನಂತೂ ಈವರೆಗೆ ನೋಡಿಲ್ಲ: ಆದರೂ ನೀವು ನನ್ನ ಸಂಕಟದಲ್ಲಿ ಪಾಲುಗಾರರಾದದ್ದು ಒಳ್ಳೆಯದಾಯಿತು ಎಂಬ ಅರ್ಥದ ಮಾತು ಅದು. ಎಲ್ಲಕ್ಕೂ ಶಕ್ತ ಎಂದವನು ಮರುಕ್ಷಣವೇ, ನೀವು ಕೈ ಹಚ್ಚಿದ್ದು ಒಳ್ಳೆಯದಾಯಿತು ಅನ್ನುತ್ತಾನೆ. ನನಗೆ 13 ಬಾಯಿಪಾಠ ಇತ್ತು. 14ರ ಅರ್ಥ ತಿಳಿದದ್ದು ಆ ಅಜ್ಜಿ ಕಾಲುಚೀಲ ಸುತ್ತಿದ ದಿನ.

ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯವನ್ನೂ ನಿನ್ನ ಮುಖಕ್ಕೆ ಹಿಡಿದಿರಬೇಕು, ನಾನಾ ಕಷ್ಟಗಳು ಬಂದಾಗ ಆನಂದವೆಂದು ಎಣಿಸಿರಿ ಎಂಬುದನ್ನು. ಆ ಪತ್ರಿಕೆ ಯಾರಿಗೆ ಬರೆದದ್ದು ಎಂದು ಮೊದಲ ವಚನದಲ್ಲೇ ಇದೆ: ಚದರಿಹೋಗಿರುವ ಹನ್ನೆರಡು ಕುಲದವರಿಗೆ. ಪೇತ್ರನ ಮೊದಲ ಪತ್ರಿಕೆಯೂ ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಸೀಮೆಗಳಲ್ಲಿ ಚದರಿ ಪ್ರವಾಸಿಗಳಾಗಿರುವವರಿಗೆ ಎಂದೇ ಶುರುವಾಗುತ್ತದೆ. ಅಂದರೆ ಈ ಮಾತುಗಳನ್ನು ಮೊದಲು ಕೇಳಿಸಿಕೊಂಡವರು ಊರು ಬಿಟ್ಟು ಚದರಿದವರೇ. ಯಾಕೋಬ ‘ಆನಂದ ಪಡಿರಿ’ ಅನ್ನುವುದಿಲ್ಲ, ‘ಎಣಿಸಿರಿ’ ಅನ್ನುತ್ತಾನೆ. ಎಣಿಸುವುದು ಲೆಕ್ಕದ ಕೆಲಸ. ಕಣ್ಣಲ್ಲಿ ನೀರಿಟ್ಟುಕೊಂಡೂ ಲೆಕ್ಕ ಬರೆಯಬಹುದು. ಈ ಕಷ್ಟವನ್ನು ಸುಮ್ಮನೆ ನಷ್ಟದ ಖಾತೆಗೆ ಹಾಕಬೇಡ, ಇದರಿಂದ ಒಂದು ಹುಟ್ಟುವಳಿ ಇದೆ ಅನ್ನುತ್ತಾನೆ. ಆ ಹುಟ್ಟುವಳಿಯ ಹೆಸರು ಗ್ರೀಕಿನಲ್ಲಿ ಹುಪೊಮೊನೆ, ‘ಕೆಳಗೆ ಉಳಿಯುವುದು’, ಅಂದರೆ ಹೊರೆಯ ಕೆಳಗಿಂದ ಓಡಿಹೋಗದೆ ನಿಲ್ಲುವುದು. ನಮ್ಮ ಕನ್ನಡದಲ್ಲಿ ತಾಳ್ಮೆ ಎಂದರೆ ಸಾಕು, ಎರಡೂ ಅದರಲ್ಲೇ ಇದೆ. ‘ತಾಳು’ ಅಂದರೆ ಹೊರು, ‘ತಾಳು’ ಅಂದರೆ ಸ್ವಲ್ಪ ಇರು. ತಾಳಿದವನು ಬಾಳಿಯಾನು ಎಂದು ನಮ್ಮ ಹಿರಿಯರು ಸತ್ಯವೇದ ಓದದೆಯೇ ಹೇಳಿಟ್ಟರು. ಗಾದೆಯಲ್ಲಿ ತಾಳುವವನು ಒಬ್ಬನೇ ಇದ್ದಾನೆ, ಯಾಕೋಬ ಮಾತ್ರ ‘ನನ್ನ ಸಹೋದರರೇ’ ಎಂದು ಗುಂಪಿಗೆ ಹೇಳುತ್ತಿದ್ದಾನೆ. ನನಗೆ ಆ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ.

ಪ್ರಾರ್ಥನೆಗೆ ಮಾತು ಹೊರಡದು ಅಂದೆಯಲ್ಲ. ಸ್ವಂತ ಮಾತು ಬೇಡ, ಬೇರೆಯವರ ಮಾತು ಸಾಲ ತೆಗೆದುಕೋ. ಸತ್ಯವೇದದ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಿನವು, ದೂರಿನವು. 13ನೆಯದು ಆರೇ ವಚನ. ಮೊದಲ ಎರಡರಲ್ಲೇ ‘ಎಷ್ಟರವರೆಗೆ’ ಎಂದು ನಾಲ್ಕು ಸಲ ಕೇಳುತ್ತದೆ, ಕೊನೆಯಲ್ಲಿ ಹಾಡುತ್ತೇನೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನಿನಗೆ ಆ ಕೊನೆಯ ಸಾಲು ಹೇಳಲು ಮನಸ್ಸು ಬರದ ದಿನ 88ನೆಯದನ್ನು ಓದು. ಅದು ಕತ್ತಲಲ್ಲೇ ಮುಗಿಯುತ್ತದೆ. ಸಮಾಧಾನದ ಒಂದು ಗೆರೆಯೂ ಕೊನೆಗೆ ಅಂಟಿಸಿಲ್ಲ. ಇಂಥದ್ದನ್ನೂ ಪರಿಶುದ್ಧ ಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ ಎಂಬುದೇ ನನಗೆ ಆಗ ದೊಡ್ಡ ಧೈರ್ಯವಾಯಿತು. ದೂರುವವನು ಕೊನೆಗೂ ದೇವರ ಹತ್ತಿರವೇ ದೂರುತ್ತಿದ್ದಾನೆ, ಬೆನ್ನು ತಿರುಗಿಸಿ ಹೋಗಿಲ್ಲ.

ಇದನ್ನೆಲ್ಲ ಕನ್ನಡದಲ್ಲೇ ಓದು, ಗಟ್ಟಿಯಾಗಿ ಓದು. ಸಭೆಯಲ್ಲಿ ಪರಭಾಷೆಯ ಹಾಡಿಗೆ ತುಟಿ ಅಲ್ಲಾಡಿಸುವುದನ್ನು ಬೇಗ ಕಲಿಯುತ್ತೀಯ, ಅದು ಬೇಕು ಕೂಡ. ಆದರೆ ‘ಯಾಕೆ ನನ್ನ ಕೈಬಿಟ್ಟೆ’ ಎಂದು ಕೇಳಬೇಕಾದರೆ ಹುಟ್ಟಿದಾಗಿನ ಭಾಷೆಯೇ ಆಗಬೇಕು. ಶಿಲುಬೆಯ ಮೇಲೆ ಯೇಸು ಸ್ವಾಮಿ ಕೂಗಿದ ಆ ಮಾತನ್ನು ಸುವಾರ್ತೆ ಬರೆದವರು ಗ್ರೀಕಿನಲ್ಲಿ ಬರೆಯುತ್ತಿದ್ದರೂ, ಯೇಸು ಸ್ವಾಮಿಯ ಸ್ವಂತ ನುಡಿಯಲ್ಲೇ ಉಳಿಸಿಕೊಂಡಿದ್ದಾರೆ ನೋಡು. ಅದೂ ಒಂದು ಕೀರ್ತನೆಯ ಮೊದಲ ಸಾಲೇ, 22ನೆಯದರದ್ದು. ಆ ಹೊತ್ತಿಗೆ ಅವರೂ ಸಾಲದ ಮಾತನ್ನೇ ಬಳಸಿದರು.

ಇನ್ನು ನಿದ್ದೆ. ನಗಬೇಡ. ಪ್ರವಾದಿ ಎಲೀಯನಂಥ ಎಲೀಯ ಮರುಭೂಮಿಯಲ್ಲಿ ಒಂದು ಗಿಡದ ಬುಡಕ್ಕೆ ಬಿದ್ದು ‘ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಕೋ’ ಅಂದ. ದೇವದೂತ ಬಂದವನು ಅವನಿಗೆ ವಿಶ್ವಾಸದ ಪಾಠ ಹೇಳಿದನಾ? ಮುಟ್ಟಿ ಎಬ್ಬಿಸಿ, ಎದ್ದು ತಿನ್ನು ಅಂದ. ಎಲೀಯ ತಿಂದು, ಕುಡಿದು, ಮತ್ತೆ ಮಲಗಿದ. ದೂತ ಎರಡನೇ ಸಲವೂ ಬಂದು ಅದನ್ನೇ ಮಾಡಿದ, ನಿನ್ನ ಶಕ್ತಿಗೆ ಮೀರಿದ ದಾರಿ ಇದೆ ಅಂದ. ರಾತ್ರಿಯೆಲ್ಲ ಪೆಟ್ಟಿಗೆ ಹೊತ್ತು, ಹಗಲು ಮೂರು ಗಂಟೆ ಮಲಗಿ, ‘ನನಗೆ ಆತ್ಮಿಕ ಒಣತನ’ ಅನ್ನುವವನಿಗೆ ನಾನು ಮೊದಲು ಹೇಳುವುದು ಕಿಟಕಿಗೆ ದಪ್ಪ ಪರದೆ ಹಾಕಿಕೋ ಎಂದು. ನಿದ್ದೆ ಮಾಡಿದರೂ ಎದೆಯ ಭಾರ ಇಳಿಯದೆ ವಾರಗಟ್ಟಲೆ ಹಾಗೇ ಇದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ಆ ದಿನವೇ ಡಾಕ್ಟರ ಹತ್ತಿರ ಹೋಗಬೇಕು. ನಾನೂ ಹೋಗಿದ್ದೆ, ಸುಮಾರು ಒಂದು ವರ್ಷ ಮಾತ್ರೆ ತೆಗೆದುಕೊಂಡೆ. ಆ ಮಾತ್ರೆ ನನ್ನ ಪ್ರಾರ್ಥನೆಯ ಜಾಗ ಕಿತ್ತುಕೊಳ್ಳಲಿಲ್ಲ, ನನಗೆ ಮೊಣಕಾಲೂರುವಷ್ಟು ತ್ರಾಣ ಕೊಟ್ಟಿತು.

ಸಂಬಳದ ವಿಷಯಕ್ಕೆ ಬರೋಣ, ಇದರಲ್ಲಿ ನನಗೆ ಸ್ವಲ್ಪ ಸಿಟ್ಟೂ ಇದೆ. ಹೆಚ್ಚಿನ ಗಂಟೆಗಳ ಹಣ ಕೇಳಬೇಡ, ಸಹಿಸಿಕೋ, ಅದೇ ಕ್ರಿಸ್ತನ ಮಾರ್ಗ ಎಂದು ಅದೇ ಹಿರಿಯರು ಹೇಳಿದರಂತೆ. ಫಿಲಿಪ್ಪಿಯಲ್ಲಿ ಪೌಲ, ಅವನ ಜೊತೆಗಾರ ಸೀಲ ಇಬ್ಬರನ್ನೂ ವಿಚಾರಣೆಯಿಲ್ಲದೆ ಚಡಿಯಿಂದ ಹೊಡೆದು, ಕಾಲಿಗೆ ಕೋಳ ಹಾಕಿ ಒಳಗಿನ ಸೆರೆಮನೆಗೆ ತಳ್ಳಿದರು. ನಡುರಾತ್ರಿ ಅವರು ಹಾಡುತ್ತಿದ್ದರು, ಮಿಕ್ಕ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು. ಈ ಹಾಡನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಅಪೊಸ್ತಲರ ಕೃತ್ಯಗಳ ಅದೇ 16ನೇ ಅಧ್ಯಾಯದಲ್ಲಿ ಬೆಳಿಗ್ಗೆ ಏನಾಯಿತು ನೋಡು. ಅಧಿಕಾರಿಗಳು ‘ಅವರನ್ನು ಬಿಟ್ಟುಬಿಡಿ’ ಎಂದು ಹೇಳಿಕಳಿಸಿದರು. ಪೌಲ ಸ್ತೋತ್ರ ಎಂದು ಹೇಳಿ ಸುಮ್ಮನೆ ಎದ್ದು ಹೋಗಲಿಲ್ಲ. ರೋಮ್‌ನ ಪೌರರಾದ ನಮ್ಮನ್ನು ಎಲ್ಲರ ಎದುರಿಗೆ ಹೊಡೆಸಿ ಈಗ ಗುಟ್ಟಾಗಿ ಕಳಿಸುತ್ತೀರಾ, ಅವರೇ ಬಂದು ಕರೆದುಕೊಂಡು ಹೋಗಲಿ ಅಂದ. ಅವರು ಹೆದರಿ, ಬಂದು ಬೇಡಿಕೊಂಡರು. ರಾತ್ರಿ ಹಾಡಿದ ಬಾಯಿಯೇ ಬೆಳಿಗ್ಗೆ ಕಾನೂನು ಮಾತಾಡಿತು. ಹಾಡಿದ್ದು ವಿಶ್ವಾಸ, ಕೇಳಿದ್ದು ಅವಿಶ್ವಾಸ ಎಂದು ಆ ಪುಸ್ತಕ ಬರೆದ ಲೂಕ ಎಲ್ಲೂ ಬರೆದಿಲ್ಲ.

ಹಾಗಾಗಿ ಇವತ್ತಿನಿಂದಲೇ ಒಂದು ಪುಸ್ತಕದಲ್ಲಿ ದಿನಾಂಕ ಹಾಕಿ, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಬರೆದಿಡು. ಸಂಬಳದ ಚೀಟಿ, ಕರಾರು ಪತ್ರ ಎರಡರ ಫೋಟೋ ತೆಗೆದು ಬೇರೆ ಕಡೆ ಇಡು. ಮೇಲಿನವರನ್ನು ಬಾಯಲ್ಲಿ ಕೇಳಿದ್ದನ್ನು ಬರಹದಲ್ಲೂ ಕೇಳು. ಪಾಸ್‌ಪೋರ್ಟ್ ಮಾತ್ರ ಯಾರ ಕೈಗೂ ಕೊಟ್ಟಿಡಬೇಡ. ಕೆಲಸಗಾರರ ಸಂಘವೋ ಉಚಿತ ಕಾನೂನು ಸಲಹೆ ಕೊಡುವವರೋ ನೀನಿರುವ ಕಡೆ ಇದ್ದರೆ ಹೋಗಿ ಮಾತಾಡು, ನಿನ್ನ ವೀಸಾದ ಷರತ್ತುಗಳನ್ನೂ ಅವರಿಗೆ ತೋರಿಸು. ಬದಲಾಯಿಸಲು ಆಗದ್ದನ್ನು ತಾಳುವುದು ಬೇರೆ, ಇನ್ನೊಬ್ಬನ ಕಳ್ಳತನಕ್ಕೆ ದಿಂಬಾಗುವುದು ಬೇರೆ. ಕೂಲಿಯವರ ಕೂಲಿಯನ್ನು ಹಿಡಿದಿಟ್ಟುಕೊಂಡವರ ವಿರುದ್ಧ ಆ ಕೂಲಿಯೇ ಕೂಗುತ್ತದೆ ಎಂದು ಬರೆದವನೂ ಅದೇ ಯಾಕೋಬ, ಐದನೇ ಅಧ್ಯಾಯದಲ್ಲಿ. ಮೊದಲ ಅಧ್ಯಾಯ ಓದಿಸುವವರು ಐದನೆಯದನ್ನೂ ಓದಲಿ.

‘ಹೇಗೋ ಎರಡು ವರ್ಷ ಕಳೆದುಬಿಟ್ಟರೆ ಆಯಿತು’ ಎಂದು ಬರೆದಿದ್ದೀಯ. ನಾನೂ ಅದನ್ನೇ ಅಂದುಕೊಂಡಿದ್ದೆ. ನನ್ನ ಸೂಟ್‌ಕೇಸ್ ನಾಲ್ಕು ವರ್ಷ ಮಂಚದ ಕೆಳಗೆ ಅರ್ಧ ತುಂಬಿಕೊಂಡೇ ಇತ್ತು. ಬಟ್ಟೆ ಬೇಕಾದಾಗ ಎಳೆಯುವುದು, ಮತ್ತೆ ಅದರಲ್ಲೇ ತುರುಕುವುದು. ಗೋಡೆಗೆ ಒಂದು ಮೊಳೆ ಹೊಡೆದಿರಲಿಲ್ಲ. ಒಂದು ಸಲ ಪ್ರವಾದಿ ಯೆರೆಮೀಯನ ಗ್ರಂಥ ಓದುವಾಗ 28ನೇ ಅಧ್ಯಾಯದಲ್ಲಿ ಹನನ್ಯ ಸಿಕ್ಕಿದ. ಯೆಹೂದ್ಯರನ್ನು ಸೆರೆ ಒಯ್ದ ಬಾಬೆಲಿನ ನೊಗ ಎರಡೇ ವರ್ಷದಲ್ಲಿ ಮುರಿಯುತ್ತದೆ, ಸೆರೆಹೋದವರೆಲ್ಲ ವಾಪಸ್ ಬರುತ್ತಾರೆ ಎಂದು ದೇವರ ಹೆಸರಿನಲ್ಲೇ ಸಾರಿದ ಪ್ರವಾದಿ. ಎಷ್ಟು ಜನ ‘ಆಮೆನ್’ ಅಂದಿರಬೇಕು! ಅವನು ಹೇಳಿದ್ದು ಸುಳ್ಳು. ಮುಂದಿನ ಅಧ್ಯಾಯದಲ್ಲಿ, ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಸೆರೆಹೋದವರಿಗೆ ಯೆರೆಮೀಯ ಕಾಗದ ಬರೆಯುತ್ತಾನೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮದುವೆಯಾಗಿ, ನಿಮ್ಮನ್ನು ಒಯ್ದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ನಿಮಗಾಗಿ ನನ್ನ ಆಲೋಚನೆಗಳು ಹಿತದವೇ ಎಂಬ 11ನೇ ವಚನ ಎಲ್ಲರ ಬಾಯಲ್ಲಿದೆ. ಅದರ ಹಿಂದಿನ 10ನೆಯದು, ಎಪ್ಪತ್ತು ವರ್ಷ ಆಗಬೇಕು ಅನ್ನುತ್ತದೆ. ಹತ್ತನ್ನು ನುಂಗಿ ಹನ್ನೊಂದನ್ನು ಮಾತ್ರ ಹೇಳಿದರೆ ಅದು ಹನನ್ಯನ ಪ್ರವಾದನೆಯೇ ಆಗುತ್ತದೆ.

ಆ ಶನಿವಾರ ಸೂಟ್‌ಕೇಸ್ ಖಾಲಿ ಮಾಡಿದೆ. ತಳದಲ್ಲಿ ಅಪ್ಪ ಕಟ್ಟಿಕೊಟ್ಟಿದ್ದ ಕೀರ್ತನೆಗಳ ಪುಟ್ಟ ಪುಸ್ತಕ ಇತ್ತು, ಬಟ್ಟೆಯ ಮಡಿಕೆಯಲ್ಲಿ. ನಾಲ್ಕು ವರ್ಷ ಅದರ ಮೇಲೇ ಮಲಗಿದ್ದೆ. ಮೊಳೆ ಹೊಡೆದೆ, ಅಪ್ಪನ ಫೋಟೋ ಹಾಕಿದೆ. ಇಲ್ಲಿನ ಪಕ್ಕದ ಮನೆಯವರ ಹೆಸರು ಕೇಳಿದ್ದೂ ಆ ವಾರವೇ. ನೀನು ಎರಡು ವರ್ಷಕ್ಕೆ ಹೋಗಲೂಬಹುದು, ಹೋದರೆ ಸಂತೋಷ. ಆದರೆ ಮೊಳೆ ಹೊಡೆ.

ಸಂತೋಷ ಯಾವಾಗ ಬಂತು ಎಂದು ಕೇಳಿದರೆ ತಾರೀಕು ಹೇಳಲಾರೆ. ಒಂದು ಬೆಳಗಿನ ಜಾವ, ಪಾಳಿ ಮುಗಿಯಲು ಅರ್ಧ ಗಂಟೆ ಇರುವಾಗ, ಅದೇ ಮೂರನೇ ಮಹಡಿಯ ಕಾರಿಡಾರಿನಲ್ಲಿ ಒರೆಸುತ್ತಿದ್ದೆ. ಒಬ್ಬ ರೋಗಿ ಬಾಗಿಲ ಸಂದಿಯಿಂದ ‘ನಿಲ್ಲಿಸಬೇಡಿ, ಚೆನ್ನಾಗಿದೆ’ ಅಂದರು. ಏನು ನಿಲ್ಲಿಸಬಾರದು ಎಂದು ನನಗೆ ತಿಳಿಯಲೇ ಇಲ್ಲ. ಆಮೇಲೆ ಗೊತ್ತಾಯಿತು, ನಾನು ಗುನುಗುತ್ತಿದ್ದೆ, ಅಪ್ಪನ ಮಣ್ಣಿನ ದಿನ ಎರಡನೇ ಸಾಲಿಗೆ ಕಡಿದುಹೋದ ಆ ಹಾಡನ್ನು. ನಾಲ್ಕನೇ ಚರಣಕ್ಕೆ ಬಂದಿದ್ದೆ. ಅಪ್ಪ ಇಲ್ಲದ ನೋವು ಹಾಗೇ ಇತ್ತು, ಈಗಲೂ ಇದೆ. ಎರಡೂ ಒಂದೇ ಎದೆಯಲ್ಲಿ ಒಂದನ್ನೊಂದು ತಳ್ಳದೆ ಕೂತಿದ್ದವು. ಪ್ರವಾದಿ ಹಬಕ್ಕೂಕ ಅಂಜೂರ ಚಿಗುರದಿದ್ದರೂ, ಹಟ್ಟಿಯಲ್ಲಿ ದನಕರು ಇಲ್ಲದಿದ್ದರೂ ಕರ್ತನಲ್ಲಿ ಉಲ್ಲಾಸಿಸುವೆನು ಎಂದು ಹಾಡುವುದಕ್ಕೆ ಸರಿಯಾಗಿ ಒಂದು ವಚನ ಮೊದಲು, ನನ್ನ ತುಟಿ ಅದುರುತ್ತಿದೆ, ಕಾಲು ನಡುಗುತ್ತಿದೆ ಅನ್ನುತ್ತಾನೆ. ಆ ನಡುಕ ನಿಂತಿತು ಎಂದು ಎಲ್ಲೂ ಇಲ್ಲ. ನಡುಗುತ್ತಲೇ ಹಾಡಿದ.

ಡೀಟ್ರಿಚ್ ಬೋನ್‌ಹಾಫರ್ ಎಂಬ ಜರ್ಮನ್ ಪಾಸ್ಟರ್ ಹೆಸರು ಕೇಳಿರಬಹುದು. ಹಿಟ್ಲರನನ್ನು ಎದುರಿಸಿ 1943ರ ಏಪ್ರಿಲ್‌ನಲ್ಲಿ ಸೆರೆಯಾದರು, 1945ರ ಏಪ್ರಿಲ್ 9ರಂದು ಗಲ್ಲಿಗೇರಿದರು. ಸೆರೆಮನೆಯಲ್ಲಿ ಅವರು ಬರೆದ ಒಂದು ಕವಿತೆಯಲ್ಲಿ, ಬೇರೆಯವರಿಗೆ ತಾನು ಶಾಂತನಾಗಿ, ನಗುಮುಖದವನಾಗಿ ಕಾಣುವುದನ್ನೂ, ಒಳಗೆ ಮಾತ್ರ ಪಂಜರದ ಹಕ್ಕಿಯಂತೆ ಚಡಪಡಿಸುವುದನ್ನೂ ಎದುರುಬದುರು ಇಟ್ಟು, ಇವರಲ್ಲಿ ನಾನು ಯಾರು ಎಂದು ಕೇಳಿಕೊಳ್ಳುತ್ತಾರೆ. ಉತ್ತರ ಸಿಗುವುದಿಲ್ಲ. ಯಾರೇ ಆಗಿರಲಿ ನಾನು ನಿನ್ನವನು ಎಂದು ದೇವರಿಗೆ ಹೇಳಿ ಮುಗಿಸುತ್ತಾರೆ. ‘ಚೆನ್ನಾಗಿದ್ದೀನಿ’ ಎಂಬ ಮುಖ ಹೊತ್ತು ತಿರುಗುವ ನಮ್ಮಂಥವರಿಗೆ ಅದು ಆಪ್ತವಾಗುತ್ತದೆ.

ಸಭೆಯ ವಿಷಯ ಒಂದೆರಡು ಮಾತು. ಕಷ್ಟ ಬಂದರೆ ಪಾಪ ಹುಡುಕುವ ಕಡೆ, ಇಷ್ಟು ಕಾಣಿಕೆ ಹಾಕಿದರೆ ವೀಸಾ ಸಲೀಸು ಅನ್ನುವ ಕಡೆ ಹೆಚ್ಚು ಹೊತ್ತು ನಿಲ್ಲಬೇಡ. ಹುಟ್ಟುಕುರುಡನನ್ನು ನೋಡಿ ಯಾರು ಮಾಡಿದ ಪಾಪ ಎಂದು ಶಿಷ್ಯರು ಕೇಳಿದಾಗ, ಇವನದ್ದೂ ಅಲ್ಲ, ತಂದೆತಾಯಿಯದ್ದೂ ಅಲ್ಲ ಎಂದರು ಯೇಸು ಸ್ವಾಮಿ. ಹಾಗೆಂದು ಒಬ್ಬ ಹಿರಿಯರ ಮಾತಿಗೆ ಸಭೆಯನ್ನೇ ಬಿಡಬೇಡ. ಸ್ವಲ್ಪ ಬೇಗ ಹೋಗಿ ಕುರ್ಚಿ ಜೋಡಿಸು. ಕುರ್ಚಿ ಜೋಡಿಸುವವರ ನಡುವೆ ಉಪದೇಶ ಮಾಡುವವರು ಕಡಿಮೆ, ಜೊತೆಗೆ ನಿಲ್ಲುವವರು ಜಾಸ್ತಿ, ಇದು ನನ್ನ ಅನುಭವ. ಫಿಲಿಪ್ಪಿಯ ಆ ಸಭೆ ಶುರುವಾದದ್ದೇ ಲುದ್ಯಳ ಮನೆಯಲ್ಲಿ. ಅವಳೂ ಥುವತೈರದಿಂದ ಬಂದು ಧೂಮ್ರವರ್ಣದ ಬಟ್ಟೆ ಮಾರುತ್ತಿದ್ದ ಹೊರಗಿನವಳು. ಮುಂದೆ ಪೌಲನಿಗೆ ಗಂಟು ಕಟ್ಟಿ ಎಪಫ್ರೊದೀತನ ಕೈಯಲ್ಲಿ ಕಳಿಸಿದ್ದು ಅದೇ ಸಭೆ.

ಅಮ್ಮನಿಗೆ ಎಲ್ಲ ಹೇಳು ಎಂದು ನಾನು ಹೇಳುವುದಿಲ್ಲ. ‘ಕಷ್ಟ ಇದೆ ಅಮ್ಮಾ, ಪ್ರಾರ್ಥನೆ ಮಾಡು’ ಎಂಬಷ್ಟು ಹೇಳು. ಅವರಿಗೆ ನಿನ್ನ ದನಿಯಲ್ಲೇ ಗೊತ್ತಾಗಿರುತ್ತದೆ.

ಪತ್ರದ ಕೆಳಗೆ ನನ್ನ ನಂಬರ್ ಇದೆ. ಭಾನುವಾರ ನಿದ್ದೆ ಮುಗಿಸಿ ಎದ್ದ ಮೇಲೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ‘ಚೆನ್ನಾಗಿದ್ದೀನಿ ಅಕ್ಕಾ’ ಎಂದು ಶುರು ಮಾಡಿದರೆ ಮಾತ್ರ ಇಟ್ಟುಬಿಡುತ್ತೇನೆ.

ಇಂತಿ,
ನಿನ್ನ ಅಕ್ಕ